ಸಮುದ್ರದಲ್ಲಿ ದೋಣಿಯ ಹುಟ್ಟು ಹಾಕೋದು ಕಲಿಯಲು ಯಾವ ಕ್ಲಬ್ ಸೇರಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಎಡಿನ್‌ಬರೋ): ಪೋರ್ಟೊಬೆಲ್ಲೊ ಬೀಚ್ ಹತ್ತಿರ ಮನೆ ಮಾಡಿದ್ದೇವೆ. ಊರು ದಾವಣಗೆರೆ, ಸಮುದ್ರದ ಗಂಧಗಾಳಿ ಇಲ್ಲ. ಈಜು ಬರುತ್ತದೆ. ವಯಸ್ಸು 41, ಎಡ ಮಂಡಿ ನೋವಿದೆ. ಇಲ್ಲೇ ಸ್ಕಿಫ್ ಅನ್ನೋ ದೋಣಿಯ ಕ್ಲಬ್ ಸೇರಲಾ, ಅಥವಾ ಸ್ಲೈಡಿಂಗ್ ಸೀಟ್ (ಎಳೆಯುವಾಗ ಹಿಂದೆಮುಂದೆ ಜಾರುವ ಸೀಟು) ಕಲಿಸುವ ಕಡೆ ಹೋಗಲಾ?

ಫೈಫ್‌ನಿಂದ: ಸ್ಕಿಫ್ ಸೇರಿ, ಬೇರೆ ಯೋಚನೆಯೇ ಬೇಡ. ನಮ್ಮ ದೋಣಿ ನಾವೇ ಕಟ್ಟಿದ್ದು. ಸೇಂಟ್ ಏಲ್ಸ್ ಸ್ಕಿಫ್ ಇರೋದೇ ಅದಕ್ಕೆ. 2009ರಲ್ಲಿ ಆನ್‌ಸ್ಟ್ರದರ್‌ನ ಮೀನುಗಾರಿಕೆ ಮ್ಯೂಸಿಯಂನವರು ಇಯಾನ್ ಊಟ್ರೆಡ್ ಅವರಿಂದ ವಿನ್ಯಾಸ ಮಾಡಿಸಿದರು, ಊರಿನವರೇ ಪ್ಲೈವುಡ್ ಕಿಟ್ ತಂದು ಕಟ್ಟಿಕೊಳ್ಳಲಿ ಅಂತ. 22 ಅಡಿ, ನಾಲ್ವರಿಗೆ ಒಂದೊಂದು ಹುಟ್ಟು, ಹಿಂದೆ ಚುಕ್ಕಾಣಿ ಹಿಡಿಯುವ ಕಾಕ್ಸ್. ಚಳಿಗಾಲವಿಡೀ ಶೆಡ್ಡಿನಲ್ಲಿ ಕಳೆದೆವು. ತಳದ ಹಲಗೆ ಮೂತಿಯ ಹತ್ತಿರ ಕೂರಲೇ ಇಲ್ಲ, ಎಪಾಕ್ಸಿ ಅಂಟು ಕೆರೆದು, ಉಜ್ಜಿ, ಮತ್ತೆ ಅಂಟಿಸಿ, ಇದ್ದಬದ್ದ ಕ್ಲ್ಯಾಂಪೆಲ್ಲ ಅದಕ್ಕೇ ಹಾಕಿದೆವು. ನನ್ನ ಜಾಕೆಟ್ಟಿನ ತೋಳು ಇವತ್ತಿಗೂ ಮಡಚಲ್ಲ, ಅಷ್ಟು ಎಪಾಕ್ಸಿ ಕುಡಿದಿದೆ. ಅಂಥ ದೋಣಿಯಲ್ಲಿ ಕೂತರೆ ಕಲಿಕೆ ತಾನಾಗಿ ಬರುತ್ತದೆ. ಕೈಗವಸು ಮಾತ್ರ ಹಾಕಬೇಡಿ, ಹಿಡಿತ ಗೊತ್ತಾಗಲ್ಲ.

ಕಾರ್ನ್‌ವಾಲ್‌ನಿಂದ: ತಾನಾಗಿ ಏನೂ ಬರಲ್ಲ. ನಾನು ಪೈಲಟ್ ಗಿಗ್ ಅನ್ನೋ ಇಲ್ಲಿಯ ಹಳೇ ಥರದ ದೋಣಿಯವಳು. ಆರು ಹುಟ್ಟು, 32 ಅಡಿ, ಎಲ್ಮ್ ಮರ, 1838ರ ಟ್ರೆಫ್ರಿ ಅನ್ನೋ ಗಿಗ್ಗಿನ ಅಳತೆಗೇ ಇವತ್ತಿಗೂ ಕಟ್ಟೋದು. ಹುಟ್ಟು ನಿಲ್ಲೋದು ಎರಡು ಮರದ ಗೂಟದ ಮಧ್ಯೆ. ಒಂದು ಗಟ್ಟಿ, ಇನ್ನೊಂದು ಬೇಕಂತಲೇ ಮೆದು. ಹುಟ್ಟು ನೀರಲ್ಲಿ ಸಿಕ್ಕಿಕೊಂಡರೆ ಮೆದು ಗೂಟ ಪಟ್ ಅಂತ ಮುರಿಯುತ್ತದೆ, ದೋಣಿಯ ಅಂಚು ಉಳಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಮುರಿದಾಗ ಬೈದರು ಅಷ್ಟೇ. ಮಣಿಕಟ್ಟು ಊದಿ ಫಿಸಿಯೋಗೆ ಪ್ರತಿ ಸಲ 48 ಪೌಂಡ್, ಪಟ್ಟಿ 16, ಕೂರುವ ಕುಶನ್ 22, ಜೊತೆಗೆ ಸಿಲಿ ದ್ವೀಪಗಳ ವಿಶ್ವ ಚಾಂಪಿಯನ್‌ಶಿಪ್‌ಗೆ ಅಂತ ಮುಂಗಡ ಕೊಟ್ಟ ರೂಮು. ಕೊನೇ ವಾರದಲ್ಲಿ ತಂಡದಿಂದ ಕೈಬಿಟ್ಟರು, ರೂಮಿನ ದುಡ್ಡೂ ವಾಪಸ್ ಬರಲಿಲ್ಲ. ಹೊಸಬರಿಗೆ ಯಾರು ಕಲಿಸ್ತಾರೆ ಅಂತ ಮೊದಲೇ ಕೇಳಿಕೊಂಡು ಸೇರಿ. ಕೈಗವಸು ಹಾಕಿ, ಧಾರಾಳವಾಗಿ.

ಡಾರ್ಸೆಟ್‌ನಿಂದ: ಇಬ್ಬರು ಹೇಳಿದ್ದೂ ಫಿಕ್ಸೆಡ್ ಸೀಟ್, ಅಂದರೆ ಜಾರದ ಸೀಟು. ಅದರಲ್ಲಿ ಬೆನ್ನು ಬಗ್ಗಿಸಿ ಎಳೆಯೋದಷ್ಟೇ, ತಂತ್ರ ಎಲ್ಲಿದೆ? 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬರ್ತಿರೋ ಬೀಚ್ ಸ್ಪ್ರಿಂಟ್ (ದಡದಲ್ಲಿ ಓಡಿ ದೋಣಿ ಹತ್ತೋ ಪಂದ್ಯ) ಸ್ಲೈಡಿಂಗ್ ಸೀಟಿನದೇ. ನಾನು ಸೆಕೆಂಡ್ ಹ್ಯಾಂಡ್ ಸಿಂಗಲ್, ಅಂದರೆ ಒಬ್ಬರೇ ಕೂರುವ ದೋಣಿ ತಗೊಂಡೆ. ದೋಣಿಗೆ 3,800 ಪೌಂಡ್, ಹುಟ್ಟಿನ ಜೋಡಿಗೆ 420, ಟ್ರಾಲಿಗೆ 190, ಯಾರ್ಡಿನ ಬಾಡಿಗೆ ತಿಂಗಳಿಗೆ 35. ಟ್ರಾಲಿ ಚಕ್ರದ ಬೇರಿಂಗ್ ಉಪ್ಪಿಗೆ ತುಕ್ಕು ಹಿಡಿದು ಮತ್ತೆ 40. ಒಂದು ಪೈಸೆಗೂ ಬೇಜಾರಿಲ್ಲ. ಯಾರ ಆಯ್ಕೆಗೂ ಕಾಯಬೇಕಾಗಿಲ್ಲ.

ಅಬರ್ಡೀನ್‌ನಿಂದ: ತಂತ್ರ ಎಲ್ಲಿದೆ ಅಂದರೆ? ನಮ್ಮೂರು ಗಂಗೊಳ್ಳಿ. ಅಳಿವೆ ಬಾಯಲ್ಲಿ ಅಲೆ ಏಳುವಾಗ ಯಾವ ಅಲೆ ಬಿಡಬೇಕು, ಯಾವುದರ ಬೆನ್ನಿಗೆ ಹೋಗಬೇಕು ಅಂತ ನೋಡಿ ದೋಣಿ ದಾಟಿಸುತ್ತಿದ್ದ ಅಜ್ಜ ಸೀಟಿನ ಹೆಸರೇ ಕೇಳಿದವರಲ್ಲ. ಸಮುದ್ರ ಓದೋದು ತಂತ್ರ ಅಲ್ವಾ? ಒಬ್ಬರೇ ಹೋಗಿ ಅಂತ ಹೊಸಬರಿಗೆ ಹೇಳೋದಂತೂ ದೊಡ್ಡ ತಪ್ಪು. ಮಾರ್ಚಿನಲ್ಲಿ ಇಲ್ಲಿಯ ನೀರು ಐದಾರು ಡಿಗ್ರಿ. ಬಿದ್ದ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಬರಲ್ಲ, ಈಜು ಬರೋದು ಆಮೇಲಿನ ಮಾತು.

ಡಾರ್ಸೆಟ್‌ನಿಂದ: ಒಬ್ಬರೇ ಹೋಗಿ ಅಂತ ನಾನೆಲ್ಲಿ ಹೇಳಿದೆ? ಬರೆದಿದ್ದು ಓದಿ ಸ್ವಾಮಿ. ಲೈಫ್ ಜಾಕೆಟ್, ನೀರಲ್ಲಿ ನೆನೆಯದ ಫೋನ್ ಚೀಲ ಎರಡೂ ಇಲ್ಲದೆ ನಾನು ಹೊರಡಲ್ಲ.

ಅಬರ್ಡೀನ್‌ನಿಂದ: "ಯಾರಿಗೂ ಕಾಯಬೇಕಾಗಿಲ್ಲ" ಅಂದರೆ ಒಬ್ಬರೇ ಅಂತಲೇ ಅರ್ಥ. ಫೋನ್ ಚೀಲ ನಿಮ್ಮನ್ನು ಮೇಲೆತ್ತಲ್ಲ.

ಪ್ರಶ್ನೆ ಕೇಳಿದವರು: ಮಂಡಿಗೆ ಯಾವುದು ವಾಸಿ ಅಂತ ಯಾರಾದರೂ ಹೇಳ್ತೀರಾ?

ಫೈಫ್‌ನಿಂದ: ಫಿಕ್ಸೆಡ್ ಸೀಟಿನಲ್ಲಿ ಮಂಡಿ ಅಷ್ಟು ಮಡಚಲ್ಲ. ಕಾರ್ನ್‌ವಾಲ್ ಮೇಡಂ, ಕೈಗವಸಿನ ವಿಷಯ ಹೊಸಬರ ತಲೆಗೆ ತುಂಬಬೇಡಿ. ಒದ್ದೆಯಾದರೆ ಜಾರಿ, ಒಳಗೆ ಚರ್ಮ ಉಜ್ಜಿ, ಬೊಬ್ಬೆ ಜಾಸ್ತಿಯೇ ಆಗುತ್ತದೆ.

ಕಾರ್ನ್‌ವಾಲ್‌ನಿಂದ: ನಿಮ್ಮ ಕೈ ನಿಮಗೆ, ನನ್ನ ಕೈ ನನಗೆ. ಬೊಬ್ಬೆ ಒಡೆದು ಕೀವಾಗಿ ಎರಡು ವಾರ ಕೀಬೋರ್ಡ್ ಮುಟ್ಟಲಾಗದೆ ರಜೆ ಹಾಕಿದವಳು ನಾನು. ಹಾಕೇ ಹಾಕ್ತೀನಿ.