ಕೆಳಗಿನ ಆರ್ಮ್ ತುದೀಲಿ ರಾಡ್ ಎಂಡ್ ಹಾಕಬಹುದಾ?

ಪ್ರಶ್ನೆ: ಸರ್ ನಮಸ್ತೆ, ಮನೇಲೇ ಒಂದು ನಾಲ್ಕು ಚಕ್ರದ ಗಾಡಿ ಕಟ್ತಾ ಇದೀನಿ, ಓಡಿಸೋರೂ ಸೇರಿ 400 ಕೆಜಿ ಆಗಬಹುದು. ಮುಂದೆ ಡಬಲ್ ವಿಶ್‌ಬೋನ್, ಅಂದ್ರೆ ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್. ಕೆಳಗಿನ ಆರ್ಮ್‌ನ ಚಕ್ರದ ಕಡೆ ತುದೀಲಿ ಎಂ12 (12 ಮಿ.ಮೀ. ಥ್ರೆಡ್) ರಾಡ್ ಎಂಡ್, ಅಂದ್ರೆ ಥ್ರೆಡ್ ಕಂಬಿ ತುದೀಲಿ ತಿರುಗೋ ಬಾಲ್ ಇರೋ ಜಾಯಿಂಟ್, ಹಾಕಿ ಥ್ರೆಡ್ ಸ್ವಲ್ಪ ಹೊರಗೆ ಬಿಟ್ರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲೋ ಕೋನ) ಅಡ್ಜಸ್ಟ್ ಮಾಡ್ಕೋಬಹುದು ಅಂತ ಪ್ಲಾನ್. ಕ್ಯಾಟಲಾಗ್‌ನಲ್ಲಿ 5 ಟನ್ ಲೋಡ್ ಅಂತ ಇದೆ, ಸಾಕಲ್ವಾ?

ಉತ್ತರ: ಆ 5 ಟನ್ ಸುಳ್ಳೇನಲ್ಲ, ಆದ್ರೆ ಅದು ಥ್ರೆಡ್ ಉದ್ದಕ್ಕೇ ನೇರ ಎಳೆದಾಗಿನ ಲೆಕ್ಕ. ನೀವು ಹಾಕ್ತಿರೋ ಜಾಗದಲ್ಲಿ ಲೋಡ್ ಬರೋದು ಅಡ್ಡಕ್ಕೆ. ಎಂ12 ಥ್ರೆಡ್ ಬುಡದಲ್ಲಿ ಉಳಿಯೋದು ಸುಮಾರು 10 ಮಿ.ಮೀ. ಕಂಬಿ, ಸ್ಟೀಲು 8.8 ಗ್ರೇಡ್ ಬೋಲ್ಟಿನಷ್ಟು ಗಟ್ಟಿ ಅಂದ್ಕೊಂಡ್ರೂ ಯೀಲ್ಡ್ (ಕಾಯಂ ಸೊಟ್ಟ ಆಗೋಕೆ ಶುರುವಾಗೋ ಒತ್ತಡ) 640 ಮೆಗಾಪ್ಯಾಸ್ಕಲ್, ಥ್ರೆಡ್ ಅಲ್ಲಾಡದಂಗೆ ಬಿಗಿಯೋ ಜಾಮ್ ನಟ್‌ನಿಂದ ಬಾಲ್ ಮಧ್ಯಕ್ಕೆ 30 ಮಿ.ಮೀ. ದೂರ ಇದ್ರೆ ಅಡ್ಡಡ್ಡ 210 ಕೆಜಿ ಆಸುಪಾಸಿಗೇ ಅದು ಸೊಟ್ಟ ಆಗೋಕೆ ಶುರು.

ಈಗ ಬ್ರೇಕ್ ಹಾಕಿ ನೋಡಿ. ಜೋರಾಗಿ ಒತ್ತಿದ್ರೆ ತೂಕದ 70 ಪರ್ಸೆಂಟ್ ಮುಂದಕ್ಕೆ ಬರತ್ತೆ ಅನ್ಕೊಳ್ಳಿ, ಒಂದು ಚಕ್ರಕ್ಕೆ 140 ಕೆಜಿ, ಟೈರ್ ಚೆನ್ನಾಗಿ ಹಿಡಿದ್ರೆ ಹಿಂದಕ್ಕೆ ತಳ್ಳೋ ಬಲನೂ ಅಷ್ಟೇ. ಕೆಳಗಿನ ಜಾಯಿಂಟ್ ನೆಲದಿಂದ 15 ಸೆಂ.ಮೀ., ಮೇಲಿಂದು 35 ಸೆಂ.ಮೀ. ಎತ್ತರದಲ್ಲಿದೆ, ಬ್ರೇಕು ಚಕ್ರದಲ್ಲೇ ಇದೆ ಅಂದ್ರೆ ಸನ್ನೆ ಲೆಕ್ಕದಲ್ಲಿ ಕೆಳಗಿಂದಕ್ಕೆ 245 ಕೆಜಿ ಬೀಳತ್ತೆ. ಅಂದ್ರೆ ಬರೀ ಬ್ರೇಕಿಗೇ ಲಿಮಿಟ್ ದಾಟಿತು, ಗುಂಡಿಗೆ ಬಿದ್ದಾಗಿನ ಹೊಡೆತ ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ, ಶಾಕ್ ಅಬ್ಸಾರ್ಬರ್ ಕೆಳಗಿನ ಆರ್ಮಿಗೇ ಕೂತಿದ್ರೆ ಮೇಲೆ ಕೆಳಗೆ ಬಗ್ಗಿಸೋ ಲೋಡೂ ಸೇರತ್ತೆ. ತಂತಿ ಎಳೆದ್ರೆ ತುಂಡಾಗಲ್ಲ, ಆಚೆ ಈಚೆ ಬಗ್ಗಿಸ್ತಾ ಇದ್ರೆ ಪಟ್ ಅನ್ನತ್ತಲ್ಲ, ಥ್ರೆಡ್ ಬುಡದಲ್ಲೂ ಹಂಗೇ ಆಗೋದು. ಎಂ16 ಹಾಕ್ತೀನಿ ಅನ್ಬೇಡಿ ದಯವಿಟ್ಟು, ಜಾಗನೇ ತಪ್ಪು.

ಅಲ್ಲಿಗೆ ಕಾರಿನ ಬಾಲ್ ಜಾಯಿಂಟ್ ಹಾಕಿ, ಟೇಪರ್ ಪಿನ್ನು, ಕ್ಯಾಸಲ್ ನಟ್ಟು, ಅದು ಬಿಚ್ಕೊಳ್ಳದಂಗೆ ಸ್ಪ್ಲಿಟ್ ಪಿನ್ನು. ಇಲ್ಲಾಂದ್ರೆ ಸ್ಫೆರಿಕಲ್ ಬೇರಿಂಗನ್ನ (ಥ್ರೆಡ್ ಕಂಬಿ ಇಲ್ದೆ ಬರೀ ಬಾಲೂ ಅದರ ರಿಂಗೂ) ಆರ್ಮ್ ತುದೀಗೆ ವೆಲ್ಡ್ ಮಾಡಿದ ಕಪ್ಪಲ್ಲಿ ಕೂರಿಸಿ ಸರ್ಕ್ಲಿಪ್ (ಹೊರಗೆ ಬರದಂಗೆ ತಡೆಯೋ ಸ್ಪ್ರಿಂಗ್ ರಿಂಗ್) ಹಾಕಿ. ವೆಲ್ಡಿಂಗ್ ಎಲ್ಲ ಮುಗಿದು ತಣ್ಣಗಾದ ಮೇಲೆ ಬೇರಿಂಗ್ ಒತ್ತಿ, ಒಳಗಿರೋ ಟೆಫ್ಲಾನ್ ಲೈನರ್ ಬೆಂಕಿ ತಡಿಯಲ್ಲ. ಕ್ಯಾಂಬರ್‌ಗೆ ಮೇಲಿನ ಜಾಯಿಂಟ್ ಬ್ರಾಕೆಟ್ಟಿಗೂ ಅಪ್‌ರೈಟ್‌ಗೂ (ಚಕ್ರದ ಹಬ್ ಹಿಡಿದಿರೋ ತುಂಡು) ಮಧ್ಯೆ ಶಿಮ್ (ತೆಳು ತಗಡು) ಹಾಕಿದ್ರಾಯ್ತು.

ಪ್ರಶ್ನೆ (ಇನ್ನೊಬ್ಬರು): ಹಂಗಾದ್ರೆ ರಾಡ್ ಎಂಡ್ ಎಲ್ಲೂ ಬೇಡ್ವಾ? ನಾನು ಚಾಸಿ ಕಡೆ ಹಾಕಿದೀನಿ, ಒಂದೇ ಪ್ಲೇಟಿಗೆ ಬೋಲ್ಟ್.

ಉತ್ತರ: ಚಾಸಿ ಕಡೆ ಓಕೆ, ಆರ್ಮಿನ ಕಾಲುಗಳು ಅಗಲವಾಗಿ ತೆರೆದಿದ್ದು ರಾಡ್ ಎಂಡ್ ಪೈಪಿನ ನೇರಕ್ಕೇ ಇದ್ರೆ ಲೋಡ್ ಹೆಚ್ಚುಕಮ್ಮಿ ಉದ್ದಕ್ಕೇ ಬರತ್ತೆ. ಆದ್ರೆ ಒಂದೇ ಪ್ಲೇಟ್ ಬೇಡ, ಬೋಲ್ಟ್ ಒಂದು ಕಡೆ ನೇತಾಡಿ ಬಗ್ಗತ್ತೆ. ಎರಡೂ ಕಡೆ ಪ್ಲೇಟ್ ಇರ್ಲಿ, ಬೋಲ್ಟಿನ ನುಣ್ಣಗಿನ ಭಾಗನೇ ಪ್ಲೇಟ್ ಒಳಗೆ ಕೂರ್ಬೇಕು, ಥ್ರೆಡ್ ಅಲ್ಲಿಗೆ ಬರ್ಬಾರ್ದು. ಎಲ್ಲಾದ್ರೂ ಒಂದೇ ಕಡೆ ಹಿಡಿಸೋದು ಅನಿವಾರ್ಯ ಆದ್ರೆ ಬಾಲ್‌ಗಿಂತ ದೊಡ್ಡ ವಾಷರ್ ಹಾಕಿ, ಬಾಲ್ ಕಿತ್ಕೊಂಡ್ರೂ ಆರ್ಮ್ ಕಳಚಿ ಬೀಳಲ್ಲ. ಥ್ರೆಡ್ ಒಳಗೆ ಹೋಗಿರೋದು ವ್ಯಾಸದ ಒಂದೂವರೆ ಪಟ್ಟು ಇರ್ಲಿ, ಎಂ12ಗೆ 18 ಮಿ.ಮೀ.

ಪ್ರಶ್ನೆ: ಬಾಲ್ ಎಷ್ಟು ಡಿಗ್ರಿ ತಿರುಗ್ಬೇಕು ಅಂತ ಹೆಂಗೆ ಗೊತ್ತಾಗತ್ತೆ?

ಉತ್ತರ: ಸ್ಪ್ರಿಂಗ್ ಬಿಚ್ಚಿ ಚಕ್ರನ ಕೈಯಲ್ಲೇ ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ತಗೊಂಡೋಗಿ, ಎರಡೂ ಕಡೆ ಸ್ಟೀರಿಂಗ್ ಫುಲ್ ತಿರುಗಿಸಿ ನೋಡಿ. ಎಲ್ಲಾದ್ರೂ ರಾಡ್ ಎಂಡ್ ಮೈ ಬ್ರಾಕೆಟ್ಟಿಗೆ ತಾಗಿದ್ರೆ ಓಡ್ಸೋವಾಗ ಅದೇ ಜಾಗದಲ್ಲಿ ಮುರಿಯತ್ತೆ, ಕೋನ್ ಸ್ಪೇಸರ್ (ಶಂಕು ಆಕಾರದ ಬಳೆ) ಹಾಕಿ ಜಾಗ ಮಾಡ್ಕೊಳ್ಳಿ. ಮೊದಲು ಕೇಳಿದೋರು ಆರ್ಮ್ ಡ್ರಾಯಿಂಗ್ ಇಲ್ಲೇ ಹಾಕಿ, ಅಲ್ಲೀವರೆಗೆ ಪೈಪ್ ಕಟ್ ಮಾಡ್ಬೇಡಿ.