ಏಕಕೋಶವೋ, ಬಿಡಿಕೋಶವೋ, ಜೀವಕೋಶವಾರೋ?

ಅಂಗಾಂಶದ ತೆಳುವಾದ ಸೀಳಿನಲ್ಲಿ ಯಾವ ಜೀನ್ ಯಾವ ಜೀವಕೋಶದಲ್ಲಿ ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ ಎಂಬುದನ್ನು ಅದು ಇದ್ದ ಜಾಗದಲ್ಲೇ ಗುರುತಿಸಿ ನಕ್ಷೆ ಮಾಡುವ ತಂತ್ರಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಈ ಕ್ಷೇತ್ರಕ್ಕೆ ‘ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೋಮಿಕ್ಸ್’ ಎಂಬ ಹೆಸರು. ಅದನ್ನು ಹಾಗೆಯೇ ಉಳಿಸಿಕೊಳ್ಳಲು ನನ್ನ ತಕರಾರಿಲ್ಲ. ಜೀನ್, ಆರ್‌ಎನ್‌ಎ ಎಲ್ಲ ಈಗಾಗಲೇ ನಮ್ಮವೇ ಆಗಿಬಿಟ್ಟಿವೆ. ಜೀನ್ ಕೆಲಸ ಮಾಡುವುದನ್ನು ‘ಜೀನ್ ಅಭಿವ್ಯಕ್ತಿ’ ಎಂದರೆ ಪತ್ರಿಕೆ ಓದುವವರಿಗೆ ಅಭಿವ್ಯಕ್ತಿ ಸ್ವಾತಂತ್ರ್ಯ ನೆನಪಾದೀತು, ಆಗಲಿ. ನನ್ನ ಕೈ ಕಟ್ಟಿರುವುದು ‘ಸಿಂಗಲ್ ಸೆಲ್ ರೆಸಲ್ಯೂಷನ್’ ಎಂಬ ಮಾತು.

‘ಏಕಕೋಶ ಪೃಥಕ್ಕರಣ’ ಎಂದರೆ ಮುಗಿಯಿತಲ್ಲ ಎನ್ನುವವರಿದ್ದಾರು. ಆದರೆ ಎರಡು ಪದಗಳೂ ದಾರಿ ತಪ್ಪಿಸುತ್ತವೆ. ‘ಏಕಕೋಶ’ ಎಂದೊಡನೆ ಶಾಲೆಯಲ್ಲಿ ವಿಜ್ಞಾನ ಓದಿದವರ ಕಣ್ಣ ಮುಂದೆ ಅಮೀಬಾ ಬಂದು ನಿಲ್ಲುತ್ತದೆ. ಇಲ್ಲಿನ ವಿಷಯ ಅದಲ್ಲ. ಸಾವಿರಾರು ಕೋಶಗಳು ಒತ್ತೊತ್ತಾಗಿ ಕೂತಿರುವ ಮಿದುಳಿನ ಅಥವಾ ಕ್ಯಾನ್ಸರ್ ಗಡ್ಡೆಯ ತುಣುಕಿನಲ್ಲಿ ಪ್ರತಿ ಕೋಶದ ಲೆಕ್ಕವನ್ನೂ ಬೇರೆಯಾಗಿ ಇಡುವುದು.

‘ಪೃಥಕ್ಕರಣ’ದ ತೊಂದರೆ ಇನ್ನೂ ದೊಡ್ಡದು. ಕೋಶಗಳನ್ನು ನಿಜವಾಗಿಯೂ ಬೇರ್ಪಡಿಸುವ ವಿಧಾನವೊಂದು ಮೊದಲೇ ಇದೆ. ಅಂಗಾಂಶವನ್ನು ಕಿಣ್ವಗಳಿಂದ ಸಡಿಲಿಸಿ, ಕೋಶಗಳನ್ನು ಬಿಡಿಸಿ, ಒಂದೊಂದರ ಆರ್‌ಎನ್‌ಎಯನ್ನು, ಅಂದರೆ ಕೆಲಸದಲ್ಲಿರುವ ಜೀನ್‌ಗಳಿಂದ ತಯಾರಾದ ನಕಲುಗಳನ್ನು, ಓದುತ್ತಾರೆ. ಯಾವ ಕೋಶ ಯಾವುದರ ಪಕ್ಕದಲ್ಲಿತ್ತು ಎಂಬ ಮಾಹಿತಿ ಅಲ್ಲಿಗೆ ಅಳಿಸಿಹೋಗುತ್ತದೆ. ಅದು ಅಳಿಯಬಾರದೆಂದೇ ಈ ನಕ್ಷೆಯ ತಂತ್ರಗಳು ಹುಟ್ಟಿದವು. ಅವುಗಳ ಹೆಸರಿನಲ್ಲೇ ಬೇರ್ಪಡಿಸುವಿಕೆಯನ್ನು ತುರುಕುವುದು ಎಷ್ಟು ಸರಿ? ಆ ಹಳೆಯ ವಿಧಾನಕ್ಕೆ ‘ಬಿಡಿಕೋಶ’ ಎಂಬುದು ಚೆನ್ನಾಗಿ ಒಪ್ಪುತ್ತದೆ. ಅರಿಸಮಾಸವೆಂದು ಮೂಗು ಮುರಿಯುವವರು ‘ಬಿಡಿಭಾಗ’ವನ್ನು ನೆನೆಯಬೇಕು.

ಇನ್ನು ರೆಸಲ್ಯೂಷನ್. ಇದನ್ನು ಒಂದೇ ಪದದಲ್ಲಿ ಹಿಡಿಯಲು ಹೊರಟಾಗ ಅದರ ಹೊಟ್ಟೆಯಲ್ಲಿ ಎರಡು ಅರ್ಥಗಳಿರುವುದು ಕಂಡಿತು. 2016ರಲ್ಲಿ ಸ್ಟಾಕ್‌ಹೋಮ್‌ನ ತಂಡ ಪ್ರಕಟಿಸಿದ ವಿಧಾನದಲ್ಲಿ ಗಾಜಿನ ಮೇಲೆ 100 ಮೈಕ್ರೊಮೀಟರ್ ವ್ಯಾಸದ ಚುಕ್ಕಿಗಳಿದ್ದವು. ಪ್ರತಿ ಚುಕ್ಕಿಯಲ್ಲೂ ತನ್ನದೇ ಗುರುತುಳ್ಳ ಡಿಎನ್‌ಎ ಎಳೆಗಳು. ಮೇಲಿಟ್ಟ ಅಂಗಾಂಶದಿಂದ ಜಿನುಗಿದ ಆರ್‌ಎನ್‌ಎ ಅವಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ಚುಕ್ಕಿಯಲ್ಲಿ ಹತ್ತಾರು ಕೋಶಗಳ ಲೆಕ್ಕ ಕಲೆತುಹೋಗುತ್ತಿತ್ತು. 2019ರಲ್ಲಿ ಬಂದ ಸ್ಲೈಡ್-ಸೀಕ್ ಎಂಬ ವಿಧಾನದಲ್ಲಿ ಚುಕ್ಕಿಗಳ ಬದಲು 10 ಮೈಕ್ರೊಮೀಟರ್‌ನ ಮಣಿಗಳು, ಅಂದರೆ ಹೆಚ್ಚುಕಡಿಮೆ ಕೋಶದಷ್ಟೇ ಗಾತ್ರ. ಆದರೂ ಒಂದು ಮಣಿ ಎರಡು ಕೋಶಗಳ ಗಡಿಯ ಮೇಲೆ ಕೂತಿರಬಹುದು. ಸ್ಟೀರಿಯೊ-ಸೀಕ್‌ನ ಚುಕ್ಕಿಗಳಂತೂ 220 ನ್ಯಾನೊಮೀಟರ್, ಕೋಶಕ್ಕಿಂತ ಎಷ್ಟೋ ಚಿಕ್ಕವು. 2015ರ ಮರ್‌ಫಿಶ್‌ನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಆರ್‌ಎನ್‌ಎ ಅಣುವೇ ಬೆಳಕಿನ ಬಿಂದುವಾಗಿ ಕಾಣುತ್ತದೆ.

ಹಾಗೆಂದು ಒಂದೊಂದು ಕೋಶದ ಲೆಕ್ಕ ತಾನಾಗಿಯೇ ಕೈಗೆ ಬರುವುದಿಲ್ಲ. ಕೋಶದ ಗಡಿಯನ್ನು ಯಾರಾದರೂ ಎಳೆಯಬೇಕು. ಕೋಶಕೇಂದ್ರಕ್ಕೆ ಬಣ್ಣ ಕೊಟ್ಟು, ಅದರ ಸುತ್ತ ಗಡಿಯನ್ನು ಅಂದಾಜಿಸುವುದು ರೂಢಿ. ಅಂದಾಜು ತಪ್ಪಿದರೆ ಒಂದು ಕೋಶದ ಅಣುಗಳು ನೆರೆಯ ಕೋಶದ ಖಾತೆಗೆ ಜಮೆಯಾಗುತ್ತವೆ. ಆದ್ದರಿಂದ ಉಪಕರಣ ಎಷ್ಟು ಚಿಕ್ಕ ಅಂತರವನ್ನು ಕಾಣಬಲ್ಲದು ಎಂಬುದು ಒಂದು ಮಾತು, ಲೆಕ್ಕವನ್ನು ಯಾವ ಘಟಕದ ಹೆಸರಿನಲ್ಲಿ ಬರೆಯುತ್ತೇವೆ ಎಂಬುದು ಇನ್ನೊಂದು. ಇಂಗ್ಲಿಷ್ ಎರಡಕ್ಕೂ ರೆಸಲ್ಯೂಷನ್ ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಕಂಪನಿಗಳ ಜಾಹೀರಾತಿಗೆ ಆ ಮಬ್ಬು ಅನುಕೂಲವೇ. ನಾವು ಅದನ್ನೂ ಎರವಲು ತರಬೇಕಾಗಿಲ್ಲ.

ಎರಡನೆಯ ಅರ್ಥಕ್ಕೆ ನನಗೆ ಹೊಳೆದದ್ದು ‘ವಾರು’. ಜಿಲ್ಲಾವಾರು, ವಿಷಯವಾರು ಎನ್ನುವಂತೆ ‘ಕೋಶವಾರು’. ಅದಕ್ಕೆ ಕಚೇರಿಯ ಕಡತದ ವಾಸನೆಯಿದೆ, ಒಪ್ಪಿದೆ. ಅದಕ್ಕಿಂತ ಕಸಿವಿಸಿಯ ಸಂಗತಿಯೆಂದರೆ ಆಡಳಿತ ಭಾಷೆಯಲ್ಲಿ ‘ಮಾಧ್ಯಮ ಕೋಶ’, ‘ದೂರು ಕೋಶ’ಗಳೂ ಇವೆ, ‘ಕೋಶವಾರು ವರದಿ’ ಎಂದರೆ ಓದುಗರು ಸುತ್ತೋಲೆ ಎಂದೇ ತಿಳಿದಾರು. ‘ಜೀವಕೋಶವಾರು ನಕ್ಷೆ’ ಎಂದರೆ ಉದ್ದವಾದರೂ ಆ ಅಪಾಯವಿಲ್ಲ. ‘ಒಂದೊಂದೇ ಕೋಶದ ಮಟ್ಟದ’ ಎಂದು ಬಿಡಿಸಿಯೂ ಬರೆಯಬಹುದು. ವಾಕ್ಯದ ನಡುವೆ ಅದು ಹಿತವಾಗಿದೆ, ಶೀರ್ಷಿಕೆಯಲ್ಲಿ ತೊಡಕು.

ಮೊದಲನೆಯ ಅರ್ಥಕ್ಕೆ ಮಾತ್ರ ಪದ ಸಿಕ್ಕಿಲ್ಲ. ‘ಸೂಕ್ಷ್ಮತೆ’ಯನ್ನು ಬಳಸಲಾರೆ. ಇರುವ ಆರ್‌ಎನ್‌ಎಯಲ್ಲಿ ಎಷ್ಟು ಪಾಲು ಪತ್ತೆಯಾಯಿತು ಎಂಬ ಬೇರೊಂದು ಅಳತೆಗೆ ಅದು ಬೇಕು. ‘ಸ್ಪಷ್ಟತೆ’ ಛಾಯಾಚಿತ್ರಕ್ಕೆ ಸಾಕು, ಅಳತೆಗೆ ಸಾಲದು. ‘ವಿಭೇದನ’ ಎಂದರೆ ಕೋಶಗಳು ಬೇರೆ ಬೇರೆ ಬಗೆಯವಾಗಿ ರೂಪುಗೊಳ್ಳುವ ವಿಭೇದೀಕರಣದೊಡನೆ ಗೋಜಲು, ಅದೂ ಇದೇ ಲೇಖನದಲ್ಲಿ ಬರುತ್ತದೆ.

ಖಗೋಳವಿಜ್ಞಾನದ ಬಗ್ಗೆ ಕನ್ನಡದಲ್ಲಿ ಬರೆಯುವವರು ಇಲ್ಲಿದ್ದರೆ ತಿಳಿಸಿ: ಹತ್ತಿರ ಹತ್ತಿರ ಇರುವ ಎರಡು ನಕ್ಷತ್ರಗಳನ್ನು ಎರಡಾಗಿಯೇ ತೋರಿಸುವ ದೂರದರ್ಶಕದ ಸಾಮರ್ಥ್ಯಕ್ಕೆ ನೀವು ಯಾವ ಪದ ಬಳಸುತ್ತೀರಿ? ಅದನ್ನು ಸೂಕ್ಷ್ಮದರ್ಶಕಕ್ಕೂ ಒಯ್ಯಬಹುದೇ? ‘ಜೀವಕೋಶವಾರು’ ಕಿವಿಗೆ ಕರ್ಕಶ ಎನಿಸಿದವರು ಅದನ್ನೂ ಹೇಳಿ, ಬದಲಿ ಪದದ ಜೊತೆಗೆ.