ಮಾವನವರಿಗೆ ಮಾರ್ಫಿನ್: ಎಲ್ಲಿ ಸಿಗುತ್ತದೆ, ಚಟದ ಭಯ ಎಷ್ಟು?

ಡೊಂಬಿವಲಿ ಸೊಸೆ:
ಮಾವನವರ ಕ್ಯಾನ್ಸರ್ ಮೂಳೆಗೆ ಹಬ್ಬಿದೆ. ಮುಂಬೈಯ ಪರೇಲಿನ ಆಸ್ಪತ್ರೆಯ ವೈದ್ಯರು ನೋವಿಗೆಂದು ನಾಲ್ಕು ಗಂಟೆಗೊಮ್ಮೆ 10 ಮಿ.ಗ್ರಾಂ. ಮಾರ್ಫಿನ್ ಬರೆದುಕೊಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳು ಮುಗಿಯುತ್ತ ಬಂದಿವೆ. ಸ್ಟೇಷನ್ ಬಳಿಯ ಮೂರು ಮೆಡಿಕಲ್‌ಗಳಲ್ಲೂ ಚೀಟಿ ನೋಡಿದೊಡನೆ ‘ಮಿಳತ್ ನಾಹೀ’ (ಸಿಗುವುದಿಲ್ಲ) ಎಂದರು. ಅದು ಅಫೀಮಿನಿಂದ ಬಂದದ್ದೆಂದು ತಿಳಿದಂದಿನಿಂದ ಅತ್ತೆಯವರು ಮಾತ್ರೆಗಳನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟುಕೊಂಡು, ಮಾವನವರು ಮಂಚದ ಪಟ್ಟಿ ಹಿಡಿದು ನರಳಿದಾಗ ಮಾತ್ರ ಒಂದನ್ನು ಕೊಡುತ್ತಾರೆ. ತಾವು ಮಾತ್ರ ಮಂಡಿನೋವಿಗೆಂದು ಎಂಟು ತಿಂಗಳಿಂದ ದಿನಕ್ಕೆರಡು ಟ್ರಮಡಾಲ್ ಎಂಬ ನೋವಿನ ಮಾತ್ರೆ ನುಂಗುತ್ತಿದ್ದಾರೆ.

ಮುಲುಂಡಿನ ಫಾರ್ಮಸಿಸ್ಟ್:
ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಂಡು ತಮ್ಮ ರೋಗಿಗಳಿಗೆ ಕೊಡಬಹುದು. ನಮ್ಮಂಥ ಸಣ್ಣ ಅಂಗಡಿಯವರು ಅದರ ಗೊಡವೆಗೇ ಹೋಗುವುದಿಲ್ಲ. ಆದ್ದರಿಂದ ಮಾತ್ರೆ ಮುಗಿಯುವ ಮೊದಲೇ ಪರೇಲಿಗೆ ಹೋಗಿ ತನ್ನಿ. ಅತ್ತೆಯವರ ಟ್ರಮಡಾಲ್ ಕೂಡ 2018ರಿಂದ ಅದೇ ಕಾಯ್ದೆಯಡಿ ಬರುತ್ತದೆ. ಅದಕ್ಕೂ ಮೊದಲೇ ಅದು ಬಿಗಿ ನಿಯಮದಡಿ ಮಾರಬೇಕಾದ ಔಷಧಿಗಳ ಎಚ್1 ಪಟ್ಟಿಯಲ್ಲಿತ್ತು: ಚೀಟಿ ಬೇಕು, ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಹಳೆಯ ಚೀಟಿಗೆ ಮತ್ತೆ ಮತ್ತೆ ಕೊಡುವವರು ಎಷ್ಟೋ ಮಂದಿ ಇದ್ದಾರೆ ಎಂಬುದು ನಮ್ಮ ವೃತ್ತಿಗೇ ನಾಚಿಕೆಯ ಸಂಗತಿ.

ಪುಣೆಯ ವೈದ್ಯ:
ನಿಮ್ಮ ಮನೆಯಲ್ಲಿ ಭಯ ತಪ್ಪು ಡಬ್ಬಿಯ ಮೇಲೆ ಬಿದ್ದಿದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಹೊತ್ತಿಗೆ ಸರಿಯಾಗಿ ಕೊಡಬೇಕಾದ ಔಷಧಿ. ನೋವು ತಲೆಯೆತ್ತಿದ ಮೇಲೆ ಕೊಟ್ಟರೆ ಅದನ್ನು ಇಳಿಸುವುದು ಕಷ್ಟ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ನಿಜ, ಆದರೆ ಒಗ್ಗುವುದು ಬೇರೆ, ಹಾನಿಯಾಗುತ್ತಿದ್ದರೂ ಅದಕ್ಕಾಗಿ ಹಪಹಪಿಸುವ ಚಟ ಬೇರೆ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುವುದರಿಂದ ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬೇಕು. ಎಬ್ಬಿಸಿದರೂ ಏಳದಷ್ಟು ಮಂಪರು, ನಿಧಾನವಾದ ಉಸಿರು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ಹೇಳದೆ ನಿದ್ರೆಮಾತ್ರೆಯನ್ನು ಜೊತೆಗೆ ಕೊಡಬೇಡಿ. ಮಂಡಿನೋವಿಗೆ ಎಂಟು ತಿಂಗಳ ಟ್ರಮಡಾಲ್ ನನಗೆ ಹೆಚ್ಚು ಚಿಂತೆ ತರುತ್ತದೆ: ಅದರಿಂದ ಫಿಟ್ಸ್ ಬರಬಹುದು, ಖಿನ್ನತೆಯ ಕೆಲವು ಔಷಧಿಗಳೊಂದಿಗೆ ಅಪಾಯಕಾರಿ. ಹಾಗೆಂದು ಒಮ್ಮೆಲೇ ನಿಲ್ಲಿಸಿದರೆ ಬೆವರು, ನಡುಕ, ನಿದ್ರಾಹೀನತೆ ಕಾಡುತ್ತವೆ. ವೈದ್ಯರ ಲೆಕ್ಕದಂತೆ ಇಳಿಸುತ್ತ ಬರಬೇಕು.

ಡೊಂಬಿವಲಿ ಸೊಸೆ:
ಗುರುವಾರ ಪರೇಲಿಗೆ ಹೋಗುತ್ತೇನೆ. ಅತ್ತೆಯವರ ಚೀಟಿ ಹುಡುಕಿ ತೆಗೆದೆ. ಅದರಲ್ಲಿ ಐದು ದಿನಕ್ಕೆಂದಷ್ಟೇ ಬರೆದಿದೆ.